ನಾನು ಕೊಡದ ಮತ

—ಅಥವಾ ಆ ಮತಪೆಟ್ಟಿಗೆಗಳ ಮೇಲೆ ಹೊದಿಸಿದ್ದ ಬಟ್ಟೆ ಹಸಿರಾಗಿರಲೇ ಇಲ್ಲವೇನೋ. ಕೆಂಪು ಇದ್ದಿರಬಹುದು. ಇಷ್ಟು ವರ್ಷ ಹಸಿರು ಎಂದೇ ನೆನೆಯುತ್ತ ಬಂದಿದ್ದೇನೆ, ಆದ್ದರಿಂದ ಈಗ ಅದು ಹಸಿರು. ನೆನಪು ಹರಿದದ್ದನ್ನು ಹೊಲಿದು, ಹೊಲಿಗೆ ಕಾಣದ ಹಾಗೆ ಇಸ್ತ್ರಿ ಮಾಡಿ ಕೊಡುತ್ತದೆ. ಅದನ್ನು ನಾನು ನಂಬುವುದಿಲ್ಲ. ಆದರೆ ಬಟ್ಟೆಯ ಬಣ್ಣ ಯಾವುದೇ ಇರಲಿ, ಒಂದು ಮಾತು ಹೇಳಲೇಬೇಕು: ನನ್ನ ಗೆಳೆಯ ಬಸಲಿಂಗಪ್ಪ ನಮ್ಮ ವಿಶ್ವವಿದ್ಯಾಲಯದ ಕುಲಪತಿಯಾಗಿ ಆರಿಸಿ ಬಂದ ದಿನ ನಾನು ಅವನಿಗೆ ಮತ ಕೊಡಲಿಲ್ಲ. ಕೊಟ್ಟೆ ಎಂದು ಅವನು ನಂಬಿದ. ಸಾಯುವವರೆಗೂ ನಂಬಿದ — ನಂಬಿದ ಎಂದು ನಾನು ನಂಬಿದ್ದೇನೆ. ನಾನು ಅದನ್ನು ತಿದ್ದಲಿಲ್ಲ.

ಅವನು ಕುಲಗೋಡದ ಒಕ್ಕಲುತನದ ಮನೆಯವನು. ನಾನು ಹುಕ್ಕೇರಿಯ ಅರಿವೆ ಅಂಗಡಿಯ ಮನೆಯವನು. ಗೋಕಾಕದ ಹೈಸ್ಕೂಲಿಗೆಂದು ಬಂದಾಗ ಇಬ್ಬರೂ ಒಂದೇ ಬೋರ್ಡಿಂಗಿನಲ್ಲಿ ಉಂಡು, ಒಂದೇ ಜಮಖಾನದ ಮೇಲೆ ಮಲಗಿದೆವು. ಅವನಿಗೆ ಭೂಮಿತಿಯ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಹೇಳಿಕೊಟ್ಟವನು ನಾನು. ಇದನ್ನು ಅವನೂ ಮರೆಯಲಿಲ್ಲ, ನಾನೂ ಮರೆಯಲಿಲ್ಲ. ಆದರೆ ಅವನು ಅದನ್ನು ತುಂಬಿದ ಸಭೆಗಳಲ್ಲಿ ಹೇಳಿಕೊಂಡು ತಿರುಗಿದ. ನಾನು ಒಳಗೇ ಇಟ್ಟುಕೊಂಡು ಕಾವು ಕೊಟ್ಟೆ. ಅವನು ಮೂಡಲಗಿಯ ಶಾಲೆಯಲ್ಲಿ ಮಾಸ್ತರನಾದ, ಆಮೇಲೆ ಕಾಲೇಜಿಗೆ ಹೋದ, ಪ್ರಿನ್ಸಿಪಾಲನಾದ. ನಾನೂ ಅದೇ ಮಾಸ್ತರಿಕೆಯ ದಾರಿ ಹಿಡಿದೆ. ಪ್ರತಿ ಮೆಟ್ಟಿಲಿನಲ್ಲೂ ನಾನು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ — ಕೆಳಗಿದ್ದೆ ಎನ್ನುವುದಕ್ಕಿಂತ, ಹಾಗೆ ಎಣಿಸುತ್ತಿದ್ದವನು ನಾನೊಬ್ಬನೇ.

ಆಗಿನ ಪದ್ಧತಿಯಲ್ಲಿ ಕುಲಪತಿಯನ್ನು ಆರಿಸುವುದು ವಿಶ್ವವಿದ್ಯಾಲಯದ ಸೆನೆಟ್ಟಿನ ಸದಸ್ಯರು. ನಾನೂ ಒಬ್ಬ ಸದಸ್ಯ. ಬಸಲಿಂಗಪ್ಪನ ಎದುರಿಗೆ ನಿಂತವರು ಪರದೇಶದಲ್ಲಿ ಓದಿ ಬಂದ ಪಟ್ಟಣದ ವಿದ್ವಾಂಸರೊಬ್ಬರು. ಚುನಾವಣೆಯ ಮುಂಚಿನ ರಜೆಯಲ್ಲಿ ಅವನೂ ನಾನೂ ಗೋಕಾಕ ಫಾಲ್ಸಿಗೆ ಹೋದೆವು. ಅಲ್ಲಿಯ ತೂಗುಸೇತುವೆ ಎಂದರೆ ನನಗೆ ಮೊದಲಿಂದಲೂ ಜೀವ ಬಾಯಿಗೆ ಬರುತ್ತದೆ. ಅದು ಅವನಿಗೆ ಗೊತ್ತು. ಬೇಕೆಂದೇ ಮುಂದೆ ನಡೆದ.

“ಏ ರುದ್ರ್ಯಾ, ಕಣ್ಣ ಮುಚ್ಚಿ ಯಾಕ ನಡದಿ? ಒಳಗ ದೇವರ ಕಾಣ್ತಾನೇನು?”

“ಅಳಗಾಡಿಸಬ್ಯಾಡೋ ಹುಚ್ಚಪ್ಪಾ!”

“ನಾ ಎಲ್ಲೆ ಅಳಗಾಡಸಾಕತ್ತೇನಿ? ನಿನ್ನ ಕಾಲ ನಡಗಾಕತ್ತಾವು, ಅದಕ್ಕ ಸೇತುವಿ ನಡಗಾಕತ್ತೈತಿ.”

ಆಚೆ ದಂಡೆಯ ಬಂಡೆಯ ಮೇಲೆ ಕೂತ ಮೇಲೆ ನಗೆ ನಿಲ್ಲಿಸಿ ಅವನು ಹೇಳಿದ: “ನಮ್ಮ ಕಡಿ ಅರ್ಧ ಮಂದಿ, ಅವರ ಕಡಿ ಅರ್ಧ ಮಂದಿ. ಬಾಯಿ ಬಿಟ್ಟ ಹೇಳಲಾರದಾಂವ ನೀ ಒಬ್ಬನ. ನಾ ಕೇಳಂಗಿಲ್ಲೋ. ನೀನಾಗೇ ಹೇಳಬೇಕು.”

“ಅದರಾಗ ಹೇಳೂದೇನೈತಿ? ನನ್ನ ಮತ ನಿಂದ,” ಎಂದೆ.

ಆ ಕ್ಷಣ ಅದು ಸುಳ್ಳಾಗಿತ್ತೇ? ಇರಲಿಲ್ಲ ಎಂದು ಬರೆಯಲು ಕೈ ಮುಂದಾಗುತ್ತಿದೆ. ಕೈಯನ್ನು ಹಿಡಿದಿದ್ದೇನೆ.

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ನಾನೊಬ್ಬನೇ ರೈಲು ಹತ್ತಿದಾಗ ಅದೇ ಡಬ್ಬಿಯಲ್ಲಿ ದಸ್ತಗೀರ ವಕೀಲರಿದ್ದರು. ನಮ್ಮ ಹುಕ್ಕೇರಿಯವರೇ, ಸೆನೆಟ್ಟಿನ ಹಿರಿಯ ಸದಸ್ಯರು, ಎದುರು ಪಕ್ಷದ ಮುಂದಾಳು. ನನ್ನನ್ನು ಕಂಡವರೇ ಕೂಗಿದರು:

“ಬರ್ರಿ ಮಾಸ್ತರ, ಬರ್ರಿ. ಏನ್ರಿ, ನಿಮ್ಮ ಕುಲಗೋಡದಾಂವ ಆ ಕರೇ ಗೌನ ತೊಟ್ಟ ಗವರ್ನರ ಬಾಜೂ ನಿಂತ್ರ ಗೊಂಜಾಳ ಹೊಲದಾಗಿನ ಬೆದರಗೊಂಬಿ ಕಂಡಂಗ ಕಾಣ್ತಾನಲ್ರಿ!”

ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ನಗೆ ನೆನಪಿದೆ. ಅದು ನನ್ನ ಹೊಟ್ಟೆಯ ಯಾವ ಮೂಲೆಯಿಂದ ಬಂತು ಎಂಬುದೂ ಗೊತ್ತಿದೆ. ಮಿಕ್ಕ ಕಾರಣಗಳನ್ನೆಲ್ಲ ಆಮೇಲೆ ಹುಟ್ಟಿಸಿಕೊಂಡೆ. ಅವನು ಯಾರಿಗೂ ಇಲ್ಲ ಎನ್ನಲಾರ, ಆಡಳಿತಕ್ಕೆ ಆಗಿಬರುವುದಿಲ್ಲ — ಇದೊಂದು. ಆ ವಿದ್ವಾಂಸರು ನಿಜಕ್ಕೂ ದೊಡ್ಡವರು — ಇದು ಇನ್ನೊಂದು. ಸೇತುವೆಯ ಮೇಲೆ ನನ್ನ ಅಂಜಿಕೆಯನ್ನು ಆಡಿಕೊಂಡನಲ್ಲ — ಇದನ್ನೂ ಒಂದು ಕಾಲಕ್ಕೆ ಕಾರಣವೆಂದು ಹಿಡಿದಿದ್ದೆ, ನಾಚಿಕೆಯಾಗಬೇಕು. ಯಾವುದೂ ಆ ಹೊತ್ತಿಗೆ ತಲೆಯಲ್ಲಿರಲಿಲ್ಲ. ನಕ್ಕಿದ್ದೆ, ಅಷ್ಟೇ, ನಕ್ಕವನ ಕೈ ನಗೆಯ ಹಿಂದೆ ಹೋಯಿತು.

ಮತ ಹಾಕುವ ರೀತಿ ಹಳೆಯದು, ಚೀಟಿಯಿಲ್ಲ. ಅಕ್ಕಪಕ್ಕ ಎರಡು ಪೆಟ್ಟಿಗೆ, ಮೇಲೆ ಬಟ್ಟೆ. ಪ್ರತಿಯೊಬ್ಬನಿಗೆ ಕಟ್ಟಿಗೆಯ ಒಂದು ಗುಂಡು. ಬಟ್ಟೆಯೊಳಗೆ ಕೈಯಿಟ್ಟು ಬಲಕ್ಕೆ ಬಿಟ್ಟರೆ ಬಸಲಿಂಗಪ್ಪನಿಗೆ, ಎಡಕ್ಕೆ ಬಿಟ್ಟರೆ ಅವರಿಗೆ. ನಾನು ಎಡಕ್ಕೆ ಬಿಟ್ಟೆ. ಈಚೆಗೆ ನೆನಪು ಒಂದು ಆಮಿಷ ತೋರಿಸುತ್ತದೆ — ಕತ್ತಲೊಳಗಿನ ಕೈ, ಗೊತ್ತಿಲ್ಲದೆ ಬಲಕ್ಕೇ ಬಿಟ್ಟಿರಬಹುದಲ್ಲ? ಇಲ್ಲ. ಗುಂಡು ಎಡಗಡೆ ಬಿದ್ದ ಸದ್ದನ್ನು ನಾನು ಕೇಳಿದ್ದೇನೆ. ಒಂದು ಪಕ್ಷ ಕೈ ತಪ್ಪಿದ್ದರೂ ಮನಸ್ಸು ತಪ್ಪಿರಲಿಲ್ಲ.

ಬಸಲಿಂಗಪ್ಪ ಒಂದೇ ಮತದಿಂದ ಗೆದ್ದ.

ಹೊರಗಿನ ಪಡಸಾಲೆಯಲ್ಲಿ ಅವನು ಎಲ್ಲರನ್ನೂ ಸರಿಸಿಕೊಂಡು ಬಂದು ನನ್ನ ಎರಡೂ ಭುಜ ಹಿಡಿದ. ಕಣ್ಣಲ್ಲಿ ನೀರು. “ಆ ಒಂದ ನೀನೋ! ಮಾತಿಗಿ ಉಳದಿ.”

ನಾನು ಹೇಳಿದೆ: “ಮತ್ತ ಯಾರಂತ ಮಾಡಿದ್ದಿ?”

ಇದೇ ನನ್ನ ಅಪರಾಧ. ಗುಂಡು ಎಡಕ್ಕೆ ಬಿಟ್ಟದ್ದಕ್ಕಿಂತ ಇದು ದೊಡ್ಡದು. ಹೌದು ಎಂದೂ ಹೇಳಲಿಲ್ಲ — ಪ್ರಶ್ನೆಯೊಂದನ್ನು ಮುಂದಿಟ್ಟು, ಅದರ ಮರೆಯಲ್ಲಿ ನಿಂತೆ.

ಲೆಕ್ಕ ಸರಳವಾಗಿದೆ. ಎರಡೂ ಕಡೆ ಸಮ ಮಂದಿ, ನಡುವೆ ನಾನು. ನಾನು ಅತ್ತ ಹೋದರೆ ಅವನು ಸೋಲಬೇಕಿತ್ತು. ಸೋಲಲಿಲ್ಲ. ಅಂದರೆ ಎದುರು ಪಕ್ಷದಲ್ಲಿ ಬಾಯಿ ತುಂಬ ಅವನನ್ನು ಬೈದವರೊಬ್ಬರು ಬಟ್ಟೆಯ ಕೆಳಗೆ ಗುಟ್ಟಾಗಿ ಇತ್ತ ಬಂದಿದ್ದರು. ನಾನು ಬಿಟ್ಟುಹೋದ ಜಾಗದಲ್ಲಿ ನಿಂತಿದ್ದರು. ಇದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ತಿಳಿಯಬಹುದಾದ ಮಾತು — ಅವರಿಗೆ ಮತ್ತು ನನಗೆ. ಅವರು ಬಾಯಿ ಬಿಡಲಿಲ್ಲ. ಅವರಿಗೆ ಸಲ್ಲಬೇಕಿದ್ದ ಕೃತಜ್ಞತೆಯನ್ನು ನಾನು ಉಂಡೆ.

ಅವನು ನನ್ನನ್ನು ರಜಿಸ್ಟ್ರಾರನನ್ನಾಗಿ ಮಾಡಿದ. ಅಲ್ಲಿಂದ ಮುಂದೆ ನಾನು ಕಂಡದ್ದು ನನ್ನ ಭಾಗ್ಯ, ಬೇರೆ ಶಬ್ದವಿಲ್ಲ. ಪರೀಕ್ಷೆಗೆಂದು ನಮ್ಮ ಕಡೆಯ ಹುಡುಗರು ರೈಲು ಹತ್ತಿ ಪರ ಊರಿನ ಛತ್ರಗಳಲ್ಲಿ ಮಲಗುತ್ತಿದ್ದರು. ಅವನು ಪರೀಕ್ಷೆಯನ್ನೇ ಗೋಕಾಕಕ್ಕೆ ತಂದ. ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿಯುವವರು ಪಾಳಿ ಮುಗಿಸಿ ಬಂದು ಹೊರಗಿನ ವಿದ್ಯಾರ್ಥಿಗಳಾಗಿ ಕೂರಬಹುದು ಎಂದ. ಅವರ ತಲೆಯಿಂದ ಅರಳೆ ಉದುರುತ್ತದೆ, ಪರೀಕ್ಷಾ ಮಂದಿರದ ಮರ್ಯಾದೆ ಏನಾಗಬೇಕು ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅವರಿಗೆ ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ ಉತ್ತರ ಕೊಟ್ಟ. ಹೊರಗೆ ಬಂದು ನನಗೆ ಹೇಳಿದ್ದು ಬೇರೆ: “ಉದರ್ಲಿ ಬಿಡೋ. ಕಸಬರಗಿ ಯಾಕ ಇಟ್ಟಾರ?”

ಯಾರಿಗೂ ಇಲ್ಲ ಎನ್ನಲಾರ ಎಂದಿದ್ದೆನಲ್ಲ — ಚಳವಳಿಯ ವರ್ಷ ಪೊಲೀಸ್ ಅಧಿಕಾರಿ ಬಂದು ತರಗತಿ ಬಿಟ್ಟು ಹೋದ ಹುಡುಗರ ಹೆಸರು ಕೇಳಿದ. ಹೆಸರುಗಳು ನನ್ನ ಬಳಿ ಇದ್ದವು. ಕೊಡಲು ನಾನು ಎದ್ದೇ ಬಿಟ್ಟಿದ್ದೆ. ಬಸಲಿಂಗಪ್ಪ ಕೂತಲ್ಲಿಂದಲೇ ಕೈಯೆತ್ತಿ ನನ್ನನ್ನು ತಡೆದ; ಹಾಜರಿ ಇಡುವುದು ಹುಡುಗರಿಗೆ ಕಲಿಸಲಿಕ್ಕೆ, ಹಿಡಿಸಲಿಕ್ಕಲ್ಲ ಎಂದ. ಇದರ ಫಲ ಉಣ್ಣುತ್ತೀರಿ ಎಂದು ಬೆದರಿಸಿ ಅಧಿಕಾರಿ ಹೋದ. ಹೋದ ಮೇಲೆ ನೋಡುತ್ತೇನೆ, ಬಸಲಿಂಗಪ್ಪ ಗಟಗಟ ಎರಡನೆಯ ಗ್ಲಾಸು ನೀರು ಕುಡಿಯುತ್ತಿದ್ದಾನೆ.

“ಅಂಜಿಕಿ ಬಂದಿತ್ತೇನೋ?” ಎಂದೆ.

“ಹೂಂ. ಜಗ್ಗಿ ಬಂದಿತ್ತು.” ಗ್ಲಾಸು ಕೆಳಗಿಟ್ಟ. “ಆದ್ರ ಅವತ್ತ ಮತ ಹಾಕೂ ಮುಂದ ಎಲ್ಲಾರ ನಡುವ ನೀ ಒಬ್ಬಾಂವ ನನ್ನ ಸಲುವಾಗಿ ನಿಂತಿ ನೋಡು. ಅದನ್ನ ನೆನಸಿಕೊಂಡ್ನಿ. ನಿಲ್ಲಾಕ ಬಂತು.”

ಈ ಮಾತನ್ನು ಅವನು ಆಮೇಲೂ ಬೇರೆ ಬೇರೆ ಸಂದರ್ಭದಲ್ಲಿ ಹೇಳಿದ್ದಾನೆ. ಪ್ರತಿ ಸಲ ನನ್ನೊಳಗೆ ಏನೋ — ಏನು ಎಂದು ಹೇಳಲಿ? ನಿಲ್ಲದವನ ಮೇಲೆ ಒರಗಿ ಅವನು ನಿಂತಿದ್ದ. ನಿಜ ಹೇಳಿದರೆ ಅವನು ಕುಸಿಯುತ್ತಾನೆ, ಅವನ ನಂಬಿಕೆಯೊಂದಿಗೆ ಆ ಹುಡುಗರೂ, ಆ ಪರೀಕ್ಷೆಗಳೂ — ಹೀಗೆಂದು ಸುಮ್ಮನಿದ್ದೆ. ಇದು ಬಹಳ ಅನುಕೂಲವಾದ ವಿಚಾರ. ನನ್ನ ಹುದ್ದೆಯೂ ಅದೇ ನಂಬಿಕೆಯ ಮೇಲಿತ್ತು ಎಂಬುದನ್ನು ಆಗ ನಾನು ವಿಚಾರ ಮಾಡುತ್ತಿರಲಿಲ್ಲ. ಮುಂದೊಮ್ಮೆ ಅವನು ಜ್ವರದಲ್ಲಿ ಮಲಗಿದ್ದಾಗ ಪೊಲೀಸರ ಅದೇ ಬೇಡಿಕೆ ನನ್ನ ಮೇಜಿಗೆ ಬಂತು. ನಾನೂ ಕೊಡುವುದಿಲ್ಲ ಎಂದೆ. ಅಂಜಿಕೆ ಬಂತು, ಆದರೂ ಎಂದೆ. ಅವನ ಹತ್ತಿರ ಕಲಿತದ್ದು ಅದು. ಅದಕ್ಕಾಗಿ ಇವತ್ತಿಗೂ ಅವನನ್ನು ನೆನೆಯುತ್ತೇನೆ.

ನಿವೃತ್ತನಾಗಿ ಅವನು ಕುಲಗೋಡಕ್ಕೆ ಬಂದ ವರ್ಷ, ಸೀತನಿಯ, ಎಳೆ ತೆನೆಯ ಕಾಲದಲ್ಲಿ, ಹೇಳಿಯೇ ಬಿಡಬೇಕು ಎಂದು ಹೋದೆ. ಹೊಲದಲ್ಲಿ ಸಗಣಿಯ ಕುಳ್ಳಿನ ಕೆಂಡದ ಮೇಲೆ ಹಸಿ ಜೋಳದ ತೆನೆ ಸುಡುತ್ತಿದ್ದ. ತಲೆಗೆ ಟವೆಲು. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ನನ್ನ ಕೈಗೆ ಸುರಿದ.

“ಬಸ್ಯಾ, ಆ ಮತದ ವಿಷಯ —”

“ಅದನ್ಯಾಕ ಈಗ ತಗದಿ? ತಿನ್ನು. ಆರಿದ್ರ ರುಚಿ ಹೋಗತೈತಿ.”

ತಿಂದೆ. ಅವನು ಆಗ ನನ್ನ ಮುಖ ನೋಡಿದನೋ, ಕೆಂಡ ನೋಡಿದನೋ? ಕೆಲವು ದಿನ ನೆನಪಿನಲ್ಲಿ ಅವನು ನನ್ನನ್ನು ನೋಡಿ, ಎಲ್ಲ ತಿಳಿದವನ ಹಾಗೆ ನಗುತ್ತಾನೆ. ಕೆಲವು ದಿನ ಬಗ್ಗಿ ಕೆಂಡ ಕೆದಕುತ್ತಾನೆ, ಅಷ್ಟೇ. ಮೊದಲನೆಯದು ನನಗೆ ಹಿತವಾಗಿದೆ. ಅದಕ್ಕೇ ಅದನ್ನು ನಂಬಲಾರೆ. ಅವನು ಮಾತು ತಡೆದನೆಂಬುದು ಸುಳ್ಳಲ್ಲ. ತಡೆದರೆ ನಿಲ್ಲಲು ಸಿದ್ಧನಾಗಿ ನಾನು ಹೋಗಿದ್ದೆ ಎಂಬುದೂ ಸುಳ್ಳಲ್ಲ.

ಮುಂದಿನ ಸುಗ್ಗಿಗೆ ಅವನಿರಲಿಲ್ಲ.

ಅವನು ತೀರಿದ ಮೇಲೆ ಹುಕ್ಕೇರಿಯಲ್ಲಿ ದಸ್ತಗೀರ ವಕೀಲರ ಮನೆಗೆ ಹೋದೆ. ಅವರಿಗೂ ವಯಸ್ಸಾಗಿತ್ತು. ಆ ದಿನ ಒಳಗೊಳಗೇ ಬಸಲಿಂಗಪ್ಪನಿಗೆ ಮತ ಹಾಕಿದವರು ನೀವೇನು ಎಂದು ನೇರವಾಗಿ ಕೇಳಿದೆ. ಅವರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು.

“ನನ್ನ ಮತ ನಾ ನಮ್ಮ ಬೀಬಿಗಿ ಹೇಳಿಲ್ಲ, ನಿಮಗ ಹೇಳ್ಲೇನ್ರಿ? ಅಲ್ರಿ ಮಾಸ್ತರ, ಆ ಒಂದ ನಿಮ್ದು ಅಂತ ಸೀಮಿಗೆಲ್ಲ ಗೊತ್ತೈತೆಲ್ಲ. ಮತ್ತ ನೀವ್ಯಾಕ ಹುಡುಕಾಕತ್ತೀರಿ?”

ಅವರು ನನ್ನ ಮುಖ ನೋಡಿದರು. ಆಯುಷ್ಯವಿಡೀ ಕಟಕಟೆಯಲ್ಲಿ ನಿಂತವರ ಮುಖ ಓದಿದ ಮನುಷ್ಯ. ಮತ್ತೇನೂ ಕೇಳಲಿಲ್ಲ. “ಚಾ ಕುಡೀರಿ,” ಎಂದರು.

ಇದನ್ನು ಅಚ್ಚಿಗೆ ಕೊಡುವ ಮೊದಲು ಕುಲಗೋಡಕ್ಕೆ ಹೋಗಿ ಅವನ ಹೆಂಡತಿ ಗಂಗವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೂ ಆಸೆಯಿತ್ತು. ಮೊರದಲ್ಲಿಯ ಕಾಳು ಆರಿಸುತ್ತ ಕೊನೆಯವರೆಗೆ ಕೇಳಿದಳು. ಆಮೇಲೆ ತಲೆಯೆತ್ತಿದಳು.

“ನೀವು ಮನಿಗಿ ಬಂದಾಗೆಲ್ಲ ಅವರು ಒಳಗ ಬಂದ ಹೇಳತಿದ್ರು, ರುದ್ರ್ಯಾನ ತಾಟಿಗಿ ಇನ್ನೊಂದ ಚಮಚಾ ತುಪ್ಪ ಹಾಕ, ಆಂವ ಇರಲಿಲ್ಲಂದ್ರ ನಾವಿಲ್ಲ ಅಂತ. ಇಷ್ಟ ವರ್ಷ ಹಾಕೀನ್ರಿ. ಹಂಗಾರ ಅದನ್ನ ಯಾರಿಗಿ ಹಾಕಬೇಕಾಗಿತ್ರಿ?”

ಗೊತ್ತಿಲ್ಲ ಎಂದೆ. ಗೊತ್ತಿಲ್ಲ. ಆ ಮತ ಹಾಕಿದವರು ಬದುಕಿದ್ದಾರೋ ಇಲ್ಲವೋ, ಯಾಕೆ ಮನಸ್ಸು ಬದಲಿಸಿದರೋ, ನಾನು ಅವರ ಎದುರಿಗೇ ಕೂತು ಚಹಾ ಕುಡಿದು ಬಂದೆನೋ — ನನಗೆ ಗೊತ್ತಿಲ್ಲ.