ಗ್ಲೆನಿಸ್ ಕಟ್ಟಿದ ರೇಡಿಯೇಟರ್

ಇಂಗ್ಲೆಂಡಿನ ಕ್ರೇಡ್ಲಿ ಹೀತ್‌ನಲ್ಲಿ ಗಾಡಿಯ ಇಂಜಿನ್ ತಣಿಸುವ ರೇಡಿಯೇಟರ್ ರಿಪೇರಿ ಅಂದರೆ ಗ್ಲೆನಿಸ್ ಟ್ರೋಮನ್ಸ್, ಅಷ್ಟೇ. ಬೇರೆಯವರು ಇರಲಿಲ್ಲವೆಂದಲ್ಲ. ಹಳೆಯದನ್ನು ಕಿತ್ತೆಸೆದು, ಅಲ್ಯೂಮಿನಿಯಂನ ಹೊಸದನ್ನು ಕೂರಿಸಿ ಕೈ ತೊಳೆದುಕೊಳ್ಳುವವರು ಅವರೆಲ್ಲ. ಅಪ್ಪನ ಶೆಡ್ಡಿನಲ್ಲಿ ಅಪ್ಪನಿಂದಲೇ ಕೆಲಸ ಕಲಿತ ಗ್ಲೆನಿಸ್‌ಗೆ ಅರವತ್ತಾರು ದಾಟಿತ್ತು, ಮೊಣಕೈವರೆಗೂ ಸುಟ್ಟ ಕಲೆಗಳಿದ್ದವು, ಬೆಸುಗೆ ಹಾಕುವಾಗ ಮಾತ್ರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಅವಳ ಬಾಯಿಗೆ ಹೆದರದವರು ಊರಲ್ಲಿ ಕಡಿಮೆ.

ಹೊರೇಸ್ ಹ್ಯಾಕೆಟ್ ಅವಳ ಶೆಡ್ಡಿನ ಕಡೆ ಮೂವತ್ತು ವರ್ಷ ತಲೆ ಹಾಕಿರಲಿಲ್ಲ. ಹೆದರಿಕೆಗಲ್ಲ, ನಾಚಿಕೆಗೆ. ಊರಿನ ಅಂತ್ಯಕ್ರಿಯೆಗಳನ್ನೆಲ್ಲ ನಡೆಸಿಕೊಟ್ಟ ಮನುಷ್ಯ ಅವನು. ಅವನ 1951ರ ಉದ್ದನೆಯ ಕಪ್ಪು ಶವವಾಹನ ವೇಗವಾಗಿ ಓಡಿದರೆ ತಣ್ಣಗಿರುತ್ತಿತ್ತು, ಕಾಲ್ನಡಿಗೆಗೆ ಇಳಿಸಿದರೆ ಕುದಿಯುತ್ತಿತ್ತು. ಶವವಾಹನದ ಕೆಲಸವೇ ಕಾಲ್ನಡಿಗೆಯದು. ಗೌರವಕ್ಕೆಂದು ಎತ್ತರದ ಟೋಪಿ ಹಾಕಿದವನೊಬ್ಬ ಮುಂದೆ ಹೆಜ್ಜೆ ಹಾಕಬೇಕು, ಗಾಡಿ ಅವನ ಬೆನ್ನಿಗೇ ಬರಬೇಕು. ಒಂದು ಬೇಸಿಗೆಯಲ್ಲಿ ಸ್ಮಶಾನದ ಏರಿನ ಅರ್ಧಕ್ಕೆ ಅದು ಹಬೆಯುಗುಳಿ ನಿಂತೇಬಿಟ್ಟಿತು. ಒಳಗಿದ್ದವನು ಗ್ಲೆನಿಸಳ ಅಪ್ಪ! ಜೀವಮಾನವಿಡೀ ರೇಡಿಯೇಟರ್ ರಿಪೇರಿ ಮಾಡಿದವನನ್ನು ಕೊನೆಗೆ ಆರು ಜನ ಹೆಗಲ ಮೇಲೆ ಹೊತ್ತು ಮೇಲೆ ಹತ್ತಿಸಬೇಕಾಯಿತು. ಹೊರೇಸ್ ಮರುದಿನವೇ ಗಾಡಿಗೆ ಹೊದಿಕೆ ಹಾಕಿದ.

ಎಂಬತ್ತೊಂದಾದಾಗ ಅವನಿಗೊಂದು ಆಸೆ ಹುಟ್ಟಿತು. ತನ್ನ ಕೊನೆಯ ಪ್ರಯಾಣ ಅದೇ ಗಾಡಿಯಲ್ಲಾಗಬೇಕು, ಅದು ದಾರಿಯಲ್ಲಿ ನಿಲ್ಲಬಾರದು. ಧೈರ್ಯ ಮಾಡಿ ಗ್ಲೆನಿಸಳ ಬಾಗಿಲು ತಟ್ಟಿದ.

"ಅವತ್ತಿನದು... ನನ್ನ ತಪ್ಪು ಕಣಮ್ಮ," ಅಂದ.

"ಅಪ್ಪ ಆವತ್ತು ಎದ್ದು ಬಂದು ರಿಪೇರಿ ಮಾಡಿ, ವಾಪಸ್ ಹೋಗಿ ಮಲಗದೇ ಇದ್ದದ್ದೇ ದೊಡ್ಡದು," ಅಂದಳು ಗ್ಲೆನಿಸ್. "ಗಾಡಿ ತನ್ನಿ ಮಾಮ. ಮೂವತ್ತು ವರ್ಷ ಏನು ಕತ್ತೆ ಕಾಯ್ತಿದ್ರಾ?"

ರೇಡಿಯೇಟರ್ ಬಿಚ್ಚಿದರೆ ಕೊಳವೆಗಳ ತುಂಬ ತುಕ್ಕಿನ ಕೆಸರು. ಮೇಲಿನ, ಕೆಳಗಿನ ಹಿತ್ತಾಳೆ ತೊಟ್ಟಿಗಳನ್ನು ಹಾಗೇ ಉಳಿಸಿಕೊಂಡು, ನಡುವೆ ಮೂರು ಸಾಲು ಕೊಳವೆ ಇದ್ದಲ್ಲಿ ಐದು ಸಾಲು ಕೂರಿಸಿದಳು. ನಿಂತಾಗಲೂ ಗಾಳಿ ಎಳೆಯಲೆಂದು ಹಿಂದೆ ಕಾಣದಂತೆ ಒಂದು ಕರೆಂಟಿನ ಫ್ಯಾನು. ಎದುರಿನಿಂದ ನೋಡಿದರೆ ಗಾಡಿಯ ಮುಖ ಕೂದಲೆಳೆಯಷ್ಟೂ ಬದಲಾಗುವಂತಿರಲಿಲ್ಲ. ಗಾಡಿಗೆ ಕೂರಿಸುವ ಮೊದಲು, ಸೋರುತ್ತದೆಯೇ ನೋಡಲು ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದಳು. ಒಂದು ಮೂಲೆಯಿಂದ ಒಂದೇ ಒಂದು ಗುಳ್ಳೆ ಎದ್ದಿತು. ಅವಳು ಇಡೀ ಬದಿಯ ಬೆಸುಗೆಯನ್ನೇ ಕರಗಿಸಿ ಬಿಚ್ಚಿದಳು.

"ಒಂದು ಗುಳ್ಳೆಗೆ ಇಷ್ಟು ರಾದ್ಧಾಂತವಾ?" ಹೊರೇಸ್ ಗೊಣಗಿದ. "ಒಳಗೆ ಮಲಗಿರೋನು ಬಂದು ದೂರು ಕೊಡ್ತಾನಾ?"

"ಕೊಡಲ್ಲ ಅಂತಾನೇ ನೀಟಾಗಿ ಮಾಡ್ಬೇಕು. ಐವತ್ತು ವರ್ಷ ನೀವು ಮಾಡಿದ್ದೂ ಇದೇ ಅಲ್ವಾ?"

ಹೊರೇಸ್ ಬೆಸುಗೆಯ ಕಡ್ಡಿ ಎತ್ತಿ ಅವಳ ಕೈಗಿತ್ತ. ಅವನ ಕಸುಬನ್ನು ಅಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿರಲಿಲ್ಲ.

ಪರೀಕ್ಷೆಯ ದಿನ ಗ್ಲೆನಿಸ್ ಎತ್ತರದ ಟೋಪಿ ಹಾಕಿಕೊಂಡು ತಾನೇ ಮುಂದೆ ನಡೆದಳು. ಹಿಂದೆ ಖಾಲಿ ಗಾಡಿ, ಸ್ಟೀರಿಂಗ್ ಹಿಡಿದವನು ಹೊರೇಸ್. ಪಬ್ಬಿನ ಬಾಗಿಲಲ್ಲಿ ನಿಂತವರು ಸುಮ್ಮನಿರುತ್ತಾರೆಯೇ? "ಏನ್ ಹೊರೇಸ್, ನಿನ್ನನ್ನ ನೀನೇ ಒಯ್ತಿದೀಯಾ?" ಹೊರೇಸ್ ಕಣ್ಣು ಇಂಜಿನ್ನಿನ ಶಾಖ ತೋರಿಸುವ ಮುಳ್ಳಿನ ಮೇಲಿಂದ ಕದಲಲಿಲ್ಲ. ಸ್ಮಶಾನದ ಗೇಟು ಮುಟ್ಟುವವರೆಗೂ ಮುಳ್ಳೂ ಕದಲಲಿಲ್ಲ.

"ಇನ್ನು ನೀವು ಯಾವಾಗ ಬೇಕಾದ್ರೂ ಸಾಯಬಹುದು," ಎಂದಳು ಗ್ಲೆನಿಸ್.

"ಈ ವಾರ ಆಗಲ್ಲಮ್ಮ. ಪಾರಿವಾಳದ ಪಂದ್ಯ ಇದೆ."

ಎರಡು ವರ್ಷವಾದರೂ ಅವನಿಗೆ ಪುರಸೊತ್ತಾಗಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಹೃದಯ ನಿಂತು ಹೋದವಳು ಗ್ಲೆನಿಸ್.

ಹೊರೇಸ್‌ನ ಮಗಳು ಪಾಲಿನ್ ಈಗ ಅಪ್ಪನ ಕಸುಬು ನಡೆಸುತ್ತಿದ್ದಳು. ಗ್ಲೆನಿಸಳಿಗೆಂದು ಹೊಸ ಶವವಾಹನ ತೊಳೆಸಿ ನಿಲ್ಲಿಸಿದ್ದಳು. "ಹಳೇದನ್ನ ನಿಮಗೇಂತ ಇಟ್ಟಿದ್ದಲ್ವಾ ಅಪ್ಪಾ?"

"ಅವಳು ಮೊದಲು. ಓಡಿಸೋನು ನಾನೇ."

ಏರಿನ ಬುಡದಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದರು. ಕೆಂಪು ದೀಪ. ಹನ್ನೊಂದು ನಿಮಿಷ ಗಾಡಿ ಇಂಜಿನ್ ಆರಿಸದೆ ನಿಂತಿತ್ತು. ಹಿಂದೆ ಬಂದವರಲ್ಲಿ ಅರ್ಧ ಜನ ಹಳೆಯ ಕಾರು ಇಟ್ಟುಕೊಂಡ ಅವಳ ಗಿರಾಕಿಗಳು. ಪೆಟ್ಟಿಗೆಯ ಕಡೆ ನೋಡಬೇಕಾದವರು ಹಬೆ ಎದ್ದಿತೇ ಎಂದು ಕತ್ತು ಉದ್ದ ಮಾಡಿ ಗಾಡಿಯ ಮೂತಿ ನೋಡುತ್ತಿದ್ದರು. ಒಬ್ಬ ನೀರಿನ ಕ್ಯಾನು ಹಿಡಿದು ಮುಂದಕ್ಕೂ ಬಂದ.

ಹೊರೇಸ್ ಗಾಜು ಇಳಿಸಿದ. "ತಗೊಂಡು ಹೋಗಯ್ಯಾ ಅದನ್ನ! ಅವಳ ಮುಂದೆ ಅದನ್ನ ಹಿಡ್ಕೊಂಡು ಬರೋಕೆ ನಾಚಿಕೆ ಆಗಲ್ವಾ ನಿಂಗೆ?"

ದೀಪ ಹಸಿರಾಯಿತು. ಪಾಲಿನ್ ಮುಂದೆ ಹೆಜ್ಜೆ ಹಾಕಿದಳು, ಗಾಡಿ ಅವಳ ಬೆನ್ನಿಗೇ ಏರು ಹತ್ತಿತು.

ಗೇಟಿನ ಬಳಿ ಹೊರೇಸ್ ಇಳಿದ. ಮಂಡಿಯೂರಿ ಗಾಡಿಯ ಅಡಿಯ ನೆಲವನ್ನು ಅಂಗೈಯಿಂದ ಸವರಿ ನೋಡಿದ. ಆಮೇಲೆ ಕಷ್ಟಪಟ್ಟು ಎದ್ದು, ಹಿಂದಕ್ಕೆ ಹೋಗಿ, ಪೆಟ್ಟಿಗೆಯ ಹತ್ತಿರ ಬಾಗಿದ.

"ಒಂದು ಹನಿ ಬಿದ್ದಿಲ್ಲ ಕಣೇ," ಅಂದ.