ರುದ್ರಮ್ಮನವರ ಮೊಳ

ಕೈ ಮುರಿದ ಮೇಲೆ ರುದ್ರಮ್ಮ ಹೂವನ್ನು ಗಿರಾಕಿಗಳ ಕೈಯಲ್ಲೇ ಅಳೆಯುತ್ತಿದ್ದರು. ಮಲ್ಲಿಗೆ ಕೇಳಿದರೆ ಬಲಗೈ ಚಾಚಲು ಹೇಳಿ, ನಮ್ಮ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮಾಲೆ ಹಿಡಿದು ಕತ್ತರಿಸುವರು. ಉದ್ದ ಕೈಯವರಿಗೆ ಲಾಭ, ನನ್ನಂಥ ಕುಳ್ಳಿಯರಿಗೆ ನಷ್ಟ. ಗೊಣಗಿದರೆ ನಕ್ಕು ನಾಲ್ಕು ಹೂ ಹೆಚ್ಚಿಗೆ ಬಿಡುತ್ತಿದ್ದರು.

ಅದಕ್ಕೆ ಮೊದಲು ಜಯನಗರದ ನಮ್ಮ ರಸ್ತೆಯ ಮೂಲೆಯಲ್ಲಿ ಅವರ ಸ್ವಂತ ಕೈಯೇ ಅಳತೆ. ಅವರ ಮೊಳದ ಬಗ್ಗೆ ಯಾರೂ ಚಕಾರ ಎತ್ತಿದವರಲ್ಲ. ಒಂದು ಬೆಳಿಗ್ಗೆ ತಿಲಕ್ ನಗರದ ತಿರುವಿನಲ್ಲಿ, ಹಿಂದೆ ನೋಡದೆ ರಿವರ್ಸ್ ಬಂದ ಕಾರೊಂದು ಅವರನ್ನು ಕೆಡವಿತು. ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಎರಡನೇ ವಾರಕ್ಕೆ ಉರಿ ತಡೆಯಲಾರದೆ ಒದ್ದಾಡುತ್ತಿದ್ದಾಗ, ಅದನ್ನು ಬಿಚ್ಚಿಸಿ ನಾಟಿ ಕಟ್ಟು ಕಟ್ಟಿಸಿ ಎಂದು ಸಲಹೆ ಕೊಟ್ಟವಳು ನಾನೇ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ, ಸುಮ್ಮನಿರಲಿಲ್ಲ. ಸೊಪ್ಪಿನ ಪಟ್ಟು, ಬಿದಿರಿನ ದಬ್ಬೆ ಎಲ್ಲ ಆಯಿತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು.

ಎಡಗೈಯಲ್ಲಿ ಅಳೆಯಬಹುದಲ್ಲ ಎಂದು ಅದಕ್ಕೂ ಒಂದು ಸಲಹೆ ಕೊಟ್ಟೆ.

"ದೇವರ ಹೂವ, ಮಿಸ್. ಎಡಗೈಲಿ ಅಳೆದ್ರೆ ಯಾರ್ ತಗೋತಾರೆ? ಈ ಬಲಗೈಲಿ ಅಳೆದ್ರೆ ಮೋಸ ಆಗುತ್ತೆ."

ಪರಿಹಾರಕ್ಕೆ ಕೇಸು ಹಾಕಿದರು. ವಿಮೆ ಕಂಪನಿಯವರು ರಾಜಿಗೆ ಕರೆದು, ಆಸ್ಪತ್ರೆ ಖರ್ಚಷ್ಟೇ ಕೊಡುತ್ತೇವೆ, ಕೂತು ಹೂ ಮಾರುವವರಿಗೆ ಕೈ ಸೊಟ್ಟಗಾದರೇನು ನಷ್ಟ ಎಂದರಂತೆ. ರುದ್ರಮ್ಮ ಹೆಬ್ಬೆಟ್ಟು ಒತ್ತದೆ ಎದ್ದು ಬಂದರು. ಆಮೇಲೆ ಎರಡು ವರ್ಷ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಜೊತೆಗೆ ನಾನೂ ಹೋಗುತ್ತಿದ್ದೆ, ತಪ್ಪಿತಸ್ಥೆಯ ಹಾಗೆ.

ಸಾಕ್ಷಿ ಹೇಳುವ ದಿನ ಕಂಪನಿಯ ವಕೀಲರು ಪ್ಲಾಸ್ಟರಿನ ಮಾತು ಎತ್ತಿದರು. ಕೈ ಕೆಟ್ಟದ್ದು ನಾಟಿ ಕಟ್ಟಿನಿಂದ, ಕಾರಿನಿಂದಲ್ಲ ಎಂದರು. ಬಿಚ್ಚಿಸಲು ಹೇಳಿದ್ದು ಯಾರು ಎಂದೂ ಕೇಳಿದರು. ನಾನು ಹಿಂದಿನ ಬೆಂಚಿನಲ್ಲೇ ಕೂತಿದ್ದೆ. ರುದ್ರಮ್ಮ ನನ್ನ ಕಡೆ ತಿರುಗಲೂ ಇಲ್ಲ.

"ಬಿಚ್ಚಿಸಿದ್ದು ನಾನೇ ಸ್ವಾಮಿ. ಮುರಿದಿದ್ದು ನಾನಲ್ಲ."

ಆಮೇಲೆ ಜಡ್ಜರ ಅಪ್ಪಣೆ ಕೇಳಿ, ಸೊಂಟದ ಚೀಲದಿಂದ ಬಾಳೆನಾರು ತೆಗೆದರು. ಎಡಗೈಯಲ್ಲಿ ಒಂದು ಮೊಳ ಅಳೆದು ಗಂಟು ಹಾಕಿದರು. ಅದೇ ನಾರನ್ನು ಬಲಗೈಗೆ ಹಿಡಿದಾಗ ಗಂಟು ಬೆರಳ ತುದಿ ದಾಟಿ ನಾಲ್ಕು ಬೆರಳಿನಷ್ಟು ಆಚೆ ನೇತಾಡಿತು. ಜಡ್ಜರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಅಳೆಯಲು ಹೇಳಿದರು. ಇನ್ನೊಮ್ಮೆಯೂ ಅಷ್ಟೇ ಬಂತು.

ಕೇಸು ಗೆದ್ದರು. ಆದರೆ ಪ್ಲಾಸ್ಟರ್ ಬಿಚ್ಚಿಸಿದ್ದಕ್ಕೆಂದು ಪರಿಹಾರದಲ್ಲಿ ಒಂದು ಪಾಲು ಕಡಿತವಾಗಿತ್ತು. ಅದು ನನ್ನ ಬಾಯಿಯ ಪಾಲು. ನಾಚಿಕೆಯಿಂದ ನಾಲ್ಕು ದಿನ ಆ ಮೂಲೆಗೇ ಹೋಗಲಿಲ್ಲ. ಐದನೇ ದಿನ ಹೋಗಿ ನನ್ನಿಂದ ತಪ್ಪಾಯಿತು ಎಂದೆ.

"ನೀವ್ ಹೇಳಿದ್ರಿ, ನಾನ್ ಕೇಳ್ದೆ. ಕಾರ್ ಓಡಿಸ್ದೋರು ನೀವಲ್ವಲ್ಲ. ಆ ಪಾಲಿಗೂ ಮೇಲಿನ ಕೋರ್ಟಿಗೆ ಹೋಗ್ತೀನಿ. ಜೊತೆಗ್ ಬರ್ತೀರಾ?"

ಬರ್ತೀನಿ ಎಂದೆ.

"ಹಂಗಾದ್ರೆ ಕೈ ಚಾಚಿ."

ಮೇಲಿನ ಕೋರ್ಟಿನ ತಾರೀಖು ಬರುವ ಮೊದಲೇ ರುದ್ರಮ್ಮ ಹೋಗಿಬಿಟ್ಟರು. ಎರಡೇ ದಿನದ ಜ್ವರ. ಈಗ ಆ ಮೂಲೆಯಲ್ಲಿ ಕೂರುವವಳು ತನ್ನ ಕೈಯಲ್ಲೇ ಅಳೆಯುತ್ತಾಳೆ. ನಾನು ಮರೆತು ಬಲಗೈ ಚಾಚಿ ನಿಲ್ಲುತ್ತೇನೆ. ದುಡ್ಡು ಕೊಡಲು ಚಾಚಿದ್ದೇನೆಂದುಕೊಂಡು ಅವಳು ನನ್ನ ಖಾಲಿ ಅಂಗೈ ನೋಡುತ್ತಾಳೆ.