ಸುಮ್ನೆ ಓಡೋ ಚಿಕ್ಕಮ್ಮ

ಹೊಸ ಷೂ ಡಬ್ಬಿ ತೆರೆದಾಗ ಗಪ್ಪಂತ ಬರುವ ವಾಸನೆ ನಿಮಗೆ ಗೊತ್ತಲ್ಲ? ರಬ್ಬರು, ಅಂಟು, ಸ್ವಲ್ಪ ರಟ್ಟು ಎಲ್ಲ ಸೇರಿದ್ದು. ಹೋದ ವಾರ ನಡುಮನೆಯಲ್ಲಿ ಕೂತು ಅಂಥದ್ದೊಂದು ಡಬ್ಬಿ ತೆರೆದೆ. ಡಾಕ್ಟರು ಮೊದಲು ನನ್ನ ರಕ್ತದ ಸಕ್ಕರೆ ರಿಪೋರ್ಟು ನೋಡಿ, ಆಮೇಲೆ ನನ್ನನ್ನು ನೋಡಿ, "ಸ್ವಲ್ಪ ಓಡಾಡಿ ಮೇಡಂ" ಅಂದಿದ್ದರು. ನಾನು ಮಧುಗಿರಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ದಿನವೆಲ್ಲ ಓಡಾಡುತ್ತಲೇ ಇರುತ್ತೇನೆ. ಅದು ಅವರ ಲೆಕ್ಕಕ್ಕೆ ಬರುವುದಿಲ್ಲವಂತೆ. ನನ್ನ ಮಗಳಂತೂ ಅಮ್ಮನಿಗೆ ಓಡಾಟ ಸಾಲದು, ಓಟವೇ ಬೇಕು ಅಂತ ತೀರ್ಮಾನಿಸಿ ಷೂ ತರಿಸಿದಳು. ಸಾಲದ್ದಕ್ಕೆ ಓಡುವವರಿಗೆ ಚೆಂದದ ದಾರಿಗಳು ಅಂತ ಏನೋ ಫೋನಿಗೆ ಕಳಿಸಿದಳು. ಕಡಲ ತೀರ, ಹಸಿರು ಗುಡ್ಡ, ಮಂಜು. ಫೋಟೋದಲ್ಲಿ ಓಡುವವರೆಲ್ಲ ನಗುತ್ತಿದ್ದರು. ಓಡುತ್ತಾ ನಗುವವರನ್ನು ನಾನು ಬದುಕಿನಲ್ಲಿ ಕಂಡಿರುವುದು ಒಬ್ಬರನ್ನೇ. ಆಕೆ ಆವತ್ತು ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮಮ್ಮನ ತಂಗಿ, ರತ್ನ ಚಿಕ್ಕಮ್ಮ. ಸಿರಾದಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು.

ಕಡಲ ಫೋಟೋ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇದ್ಯಾವ ಕೆರೆನೇ? ಭರ್ತಿಯಾಗೈತೆ."

"ಕೆರೆ ಅಲ್ಲ ಚಿಕ್ಕಮ್ಮ, ಸಮುದ್ರ."

"ಅದ್ಕೇ ಏರಿನೇ ಇಲ್ಲ," ಅಂದಳು. ಏರಿ ಇಲ್ಲದ ನೀರಿನ ಪಕ್ಕ ಯಾರಾದರೂ ಹೇಗೆ ಓಡುತ್ತಾರೆ ಅನ್ನುವುದು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಡಬ್ಬಿಯಿಂದ ಒಂದು ಷೂ ಎತ್ತಿಕೊಂಡಳು. ತಿರುಗಿಸಿ ನೋಡಿದಳು, ಮೂಗಿನ ಹತ್ತಿರ ತಂದು ವಾಸನೆ ನೋಡಿದಳು, ಮೆತ್ತಗೆ ವಾಪಸ್ ಇಟ್ಟಳು. ಯಾರೂ ಏನೂ ಕೇಳದೇ ಇದ್ದರೂ "ಬ್ಯಾಡ ಬುಡು" ಅಂದು ಮತ್ತೆ ಅವರೆಕಾಯಿ ಹಿಡಿದಳು. ಚಿಕ್ಕಪ್ಪ ತೀರಿಹೋದ ಮೇಲೆ ಚಿಕ್ಕಮ್ಮ ಓಡುವುದನ್ನು ಬಿಟ್ಟಿದ್ದಾಳೆ. ಅವಳು ಮತ್ತೆ ಓಡಿದರೆ ಸಾಕು, ನನ್ನ ಸಕ್ಕರೆ ಎಷ್ಟಾದರೂ ಏರಲಿ ಅನ್ನಿಸಿತ್ತು.

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ವಿಷಯ ನಿಮಗೆ ಹೇಳಬೇಕು. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲೇ ಆಗಲಿ, ದೊಡ್ಡವರಾದವರು ರಸ್ತೆಯಲ್ಲಿ ಓಡಿದರೆ ಜನ ಸುಮ್ಮನೆ ಬಿಡುವುದಿಲ್ಲ. ಓಡುತ್ತಿದ್ದಾರೆ ಅಂದರೆ ಮನೆಯಲ್ಲಿ ಏನೋ ಆಗಿದೆ, ಇಲ್ಲವೇ ಬಸ್ಸು ತಪ್ಪಿದೆ. ಎತ್ತಿನ ಗಾಡಿಯವನು ನಿಲ್ಲಿಸುತ್ತಾನೆ, ಬೈಕಿನವನು ನಿಲ್ಲಿಸುತ್ತಾನೆ, ಟ್ರ್ಯಾಕ್ಟರಿನವನಂತೂ ಎಂಜಿನ್ ಆಫ್ ಮಾಡಿಯೇ ಕೇಳುತ್ತಾನೆ: "ಏನಾಯ್ತವ್ವ? ಹತ್ಕೋ, ಬುಟ್ಬತ್ತೀನಿ." ಎಂಥಾ ಒಳ್ಳೆಯ ಜನ ಅಂದುಕೊಳ್ಳುತ್ತೀರಿ. ಹೌದು, ಒಳ್ಳೆಯವರೇ. ಆದರೆ ಇವರ ಒಳ್ಳೆಯತನದ ನಡುವೆ ಅರ್ಧ ಮೈಲಿ ನಿಲ್ಲದೆ ಓಡಿ ತೋರಿಸಿ, ಗೊತ್ತಾಗುತ್ತದೆ.

ಚಿಕ್ಕಮ್ಮ ಸ್ಕೂಲಿನಲ್ಲಿ ಓಡುತ್ತಿದ್ದಳು. ತಾಲ್ಲೂಕು ಮಟ್ಟದಲ್ಲಿ ಗೆದ್ದು ಒಂದು ಸ್ಟೀಲ್ ಡಬರಿ ತಂದಿದ್ದಳು. ಅದರಲ್ಲಿ ನಮ್ಮಜ್ಜಿ ಎಷ್ಟೋ ಕಾಲ ಮಜ್ಜಿಗೆ ಇಟ್ಟಿದ್ದಳು. ಸ್ಕೂಲು ಮುಗಿದರೂ ಚಿಕ್ಕಮ್ಮನ ಓಟ ಮುಗಿಯಲಿಲ್ಲ. ಕತ್ತಲು ಹರಿಯುತ್ತಿದ್ದಂತೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಷೂ ಹಾಕಿಕೊಂಡು, ಊರ ಕೆರೆ ಏರಿ ಮೇಲೆ ಹೋಗಿ ಗುಡ್ಡ ಸುತ್ತಿಕೊಂಡು ಬರುತ್ತಿದ್ದಳು. ಯಾಕೆ ಓಡ್ತೀಯೇ ಅಂದರೆ "ಸುಮ್ನೆ" ಅನ್ನುತ್ತಿದ್ದಳು. ತಾತ ಗದರಿದರು, ಅಮ್ಮ ಬೇಡಿಕೊಂಡಳು. ಉಹೂಂ.

ಅವಳನ್ನು ನೋಡಲು ಸಿರಾ ಕಡೆಯಿಂದ ಗಂಡಿನವರು ಬಂದ ದಿನ ನಾನು ಅಜ್ಜಿಯ ಮನೆಯಲ್ಲೇ ಇದ್ದೆ. ಹತ್ತು ಗಂಟೆಗೆ ಬರುತ್ತೇವೆ ಅಂದಿದ್ದವರು ಮೊದಲನೇ ಬಸ್ಸಿಗೇ ಬಂದುಬಿಟ್ಟರು. ತಾತ ಹಾಲು ತರಲು ಹೋಗಿದ್ದರು. ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಜಜ್ಜುತ್ತಿದ್ದಳು, ನಾನು ಬೀಜ ಆರಿಸುವ ನೆಪದಲ್ಲಿ ಹಣ್ಣು ತಿನ್ನುತ್ತಿದ್ದೆ. ಚಾಪೆ ಹಾಸಿದ್ದಾಯಿತು, ನೀರು ಕೊಟ್ಟಿದ್ದಾಯಿತು. ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು ಹುಡುಗಿ ಎಲ್ಲಿ ಅಂತ ಕೇಳಿದರು.

"ಅಯ್ಯೋ, ಅವ್ಳೆಲ್ಲವ್ಳೆ? ಹೊತ್ತುಟ್ಟೋಕೆ ಮುಂಚೇನೇ ಓಡೋದ್ಲು," ಅಂದಳು ಅಜ್ಜಿ, ಹುಣಸೆಹಣ್ಣಿನಿಂದ ತಲೆಯನ್ನೂ ಎತ್ತದೆ.

ಸೋದರಮಾವನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. "ಓಡೋದ್ಲಾ? ಯಾರ ಜೊತೆ?"

"ಯಾರ ಜೊತೆ ಓಡೋಗ್ತಾಳೆ, ಒಬ್ಳೇಯ. ದಿನಾ ಓಡೋಗ್ತಾಳೆ."

"ದಿನಾ!"

"ಬಿಸ್ಲೇರೋ ಹೊತ್ಗೆ ತಾನೇ ಬತ್ತಾಳೆ. ಕೂತ್ಕಳಿ, ಕಾಪಿ ಕುಡೀರಿ."

ಅವರು ಕೂತುಕೊಳ್ಳಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು. ಅಜ್ಜಿಗೆ ತಾನು ಏನು ಅಂದೆ ಅಂತ ಗೊತ್ತಾಗಿದ್ದು ತಾತ ಬಂದು ತಲೆ ಚಚ್ಚಿಕೊಂಡ ಮೇಲೆ. ಆಗಲೂ ಅವಳು, "ಓಡೋದ್ಳನ್ನ ಓಡೋದ್ಲು ಅನ್ದೆ ಇನ್ನೇನನ್ಲಿ?" ಅಂತ ತಾತನ ಮೇಲೇ ರೇಗಿದಳು. ನ್ಯಾಯವಾಗಿಯೇ ಇತ್ತು.

ಮುಂದಿನದ್ದನ್ನು ಚಿಕ್ಕಪ್ಪ ಸಾಯುವವರೆಗೂ ಹೇಳುತ್ತಿದ್ದರು, ಪ್ರತಿ ಸಲ ಒಂದಿಷ್ಟು ಸೇರಿಸಿ. ಮಾವಂದಿರು ಮುಂದೆ, ಮದುವೆ ಗಂಡು ಅಂದರೆ ಚಿಕ್ಕಪ್ಪ ಹಿಂದೆ ಹೋಗುತ್ತಿರುವಾಗ ಎದುರಿನಿಂದ ಒಬ್ಬ ಹುಡುಗಿ ದಡದಡ ಓಡಿ ಬಂದಳಂತೆ. ಇವರೂ ನಮ್ಮ ಕಡೆಯವರೇ ಅಲ್ಲವೇ, ಬಾಯಿ ಸುಮ್ಮನಿರುತ್ತದೆಯೇ? "ಏನಾಯ್ತು? ಯಾಕಿಂಗೆ ಓಡ್ತಾ ಇದೀರಾ?" ಅಂದರಂತೆ. "ಏನೂ ಆಗಿಲ್ಲ, ಸುಮ್ನೆ" ಅಂದು ನಗುತ್ತಾ ಹಾದುಹೋದಳಂತೆ. ಚಿಕ್ಕಪ್ಪ ಅಲ್ಲೇ ನಿಂತು ಕೂಗಿದರು: "ಮಾವ, ಓಡೋಗಿದ್ದ ಹುಡ್ಗಿ ಮನೆ ಕಡೆಗೇ ಓಡ್ತಾವ್ಳೆ. ನಡೀರಿ, ಕಾಪಿ ಕುಡ್ಕೊಂಡೇ ಹೋಗಣ."

ಚಿಕ್ಕಪ್ಪನದು ದನದ ಆಸ್ಪತ್ರೆಯಲ್ಲಿ ಕೆಲಸ. ವರ್ಗವಾದ ಕಡೆಯೆಲ್ಲ ಸಂಸಾರ ಹೋಯಿತು, ಸಂಸಾರದ ಜೊತೆ ಷೂ ಹೋಯಿತು. ಲಂಗದ ಬದಲು ಸೀರೆ, ಅದರ ಮೇಲೆ ಚಿಕ್ಕಪ್ಪನ ಹಳೇ ಶರಟು. ಅವಳು ಓಡಿದ ದಾರಿಗಳು ನನ್ನ ಮಗಳು ಕಳಿಸಿದ್ದರಲ್ಲಿ ಇರಲಿಲ್ಲ. ಕೊರಟಗೆರೆಯಲ್ಲಿದ್ದಾಗ ಬತ್ತಿದ ಜಯಮಂಗಲಿ ಹೊಳೆಯ ಮರಳಿನಲ್ಲಿ ಓಡುತ್ತಿದ್ದಳು. ನಮ್ಮ ಪಾಲಿನ ಕಡಲ ತೀರ ಅಂದರೆ ಅದೇ. ಹುಲಿಕುಂಟೆಯಲ್ಲಿ ಕುರಿಮಂದೆ ಅಡ್ಡ ಬಂದರೆ ಅಷ್ಟೂ ಕುರಿ ದಾಟುವವರೆಗೆ ನಿಂತಲ್ಲೇ ಕುಣಿಯುತ್ತಿದ್ದಳಂತೆ. ನಿಡುಗಲ್ ಬೆಟ್ಟದ ಬುಡದಲ್ಲಿ ಬೆಳಗಿನ ಬಿಸಿಲು ಬಂಡೆಗೆ ಬೀಳುವುದನ್ನು ನೋಡುತ್ತಾ ಎಡವಿ ಮಂಡಿ ಕೆತ್ತಿಸಿಕೊಂಡಿದ್ದಾಳೆ. ವೈ.ಎನ್.ಹೊಸಕೋಟೆಯಲ್ಲಿ ಕಡ್ಲೆಕಾಯಿ ಕೀಳುವ ಕಾಲದಲ್ಲಿ ಹೊಲದವರು ಕರೆಕರೆದು ಕೊಡುತ್ತಿದ್ದರಿಂದ, ಹೋಗುವಾಗ ಓಡಿದವಳು ಬರುವಾಗ ಮಡಿಲು ತುಂಬಿಕೊಂಡು ನಡೆದೇ ಬರುತ್ತಿದ್ದಳು.

ಹಿಂದೆ ಯಾವಾಗಲೂ ಚಿಕ್ಕಪ್ಪನ ಮೊಪೆಡ್ಡು. ಅವಳ ವೇಗಕ್ಕೇ, ಬುರ್ ಬುರ್ ಅಂತ. ಕಾಯುವುದಕ್ಕಲ್ಲ, ಉತ್ತರ ಹೇಳುವುದಕ್ಕೆ! ಚಿಕ್ಕಮ್ಮ ನಿಲ್ಲಬಾರದಲ್ಲ, ಅದಕ್ಕೆ. ಮಧುಗಿರಿ ಕಡೆ ಯಾರಾದರೂ "ಏನಾಯ್ತಪ್ಪ?" ಅಂದರೆ "ಏನೂ ಆಗಿಲ್ಲ ಕಣಪ್ಪ, ಸುಮ್ನೆ" ಅನ್ನುವರು. ಸಿರಾದಲ್ಲಿ ಸಾಬರೊಬ್ಬರು "ಕ್ಯಾ ಹುವಾ?" ಅಂದರೆ "ಕುಚ್ ನೈ ಭಾಯ್, ಐಸೀಚ್." ಪಾವಗಡದಲ್ಲಿ "ಏಮಯಿಂದಮ್ಮಾ?" ಅಂತ ಕೂಗು ಬಂದರೆ "ಏಮೀ ಲೇದನ್ನಾ, ಊರಿಕೆನೇ." ಒಂದು ಸಲ ನಾನೂ ಮೊಪೆಡ್ಡಿನ ಹಿಂದೆ ಕೂತಿದ್ದೆ. ದಿನಾ ಬೇಜಾರಾಗಲ್ವಾ ಚಿಕ್ಕಪ್ಪ ಅಂತ ಕೇಳಿದೆ. "ಮೊದಲ್ನೇ ಸಲ ಅವ್ಳನ್ನ ಏನಾಯ್ತು ಅಂತ ಕೇಳ್ದೋನು ನಾನೇ ಕಣಮ್ಮ," ಅಂದರು. "ಈಗ ಬ್ಯಾರೆಯೋರಿಗೆ ಉತ್ರ ಹೇಳೋ ಡ್ಯೂಟಿ ನಂದೇ." ಮುಂದೆ ಚಿಕ್ಕಮ್ಮ ನಗುತ್ತಿದ್ದಳು. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಆ ಚಿಕ್ಕಪ್ಪ ಹೋದ ವರ್ಷ ಎದೆನೋವು ಅಂತ ಹೇಳಿ, ಆಟೋ ಬರುವುದರೊಳಗೆ ಹೋಗಿಬಿಟ್ಟರು. ಚಿಕ್ಕಮ್ಮ ಆಮೇಲೆ ಒಂದೇ ಒಂದು ದಿನ ಓಡಲು ಹೋಗಿದ್ದಳಂತೆ. ಇಷ್ಟು ದೂರ ಹೋಗುವುದರೊಳಗೆ ತರಕಾರಿ ಗಾಡಿಯವನು ನಿಲ್ಲಿಸಿ, "ಏನಾಯ್ತಮ್ಮ?" ಅಂದನಂತೆ. ಉತ್ತರ ಬರಲಿ ಅಂತ ಅಭ್ಯಾಸಬಲದಿಂದ ಹಿಂದೆ ತಿರುಗಿದಳಂತೆ. ರಸ್ತೆ ಖಾಲಿ.

"ಏನೂ ಆಗಿಲ್ಲ ಅಂತ ಎಂಗೆ ಹೇಳ್ಲೇ?" ಅಂದಿದ್ದಳು ನನ್ನ ಹತ್ತಿರ. "ಆಗೋಗೈತಲ್ಲ." ಆವತ್ತು ಮೋರಿಕಟ್ಟೆ ಮೇಲೆ ಕೂತು ಅತ್ತು, ಮನೆಗೆ ಬಂದು ಷೂ ಅಟ್ಟಕ್ಕೆ ಹಾಕಿದಳು. ಅವಳ ಮಗ, ನನ್ನ ತಮ್ಮ, ತಾನು ಬೈಕಿನಲ್ಲಿ ಹಿಂದೆ ಬರುತ್ತೇನೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಹೊಸ ಷೂ ಬಂದ ಮಾರನೇ ಬೆಳಿಗ್ಗೆ ನಾನು ಬೇಗ ಎದ್ದೆ, ಓಡಲೇಬೇಕು ಅಂತ. ಸುಳ್ಳು ಯಾಕೆ, ಓಡಿದ ಹಾಗೆ ಒಂದು ಫೋಟೋ ತೆಗೆದು ಮಗಳಿಗೆ ಕಳಿಸಿದರೆ ಸಾಕು ಅಂತ. ನೋಡಿದರೆ ಡಬ್ಬಿ ಖಾಲಿ. ಚಿಕ್ಕಮ್ಮನ ಹಾಸಿಗೆ ಮಡಿಸಿತ್ತು. ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ನನ್ನ ಯಜಮಾನರು ಕಣ್ಣುಜ್ಜಿಕೊಳ್ಳುತ್ತಾ ಬಂದು, "ಚಿಕ್ಕಮ್ಮ ಎಲ್ಲೇ?" ಅಂದರು.

"ಓಡೋದ್ಲು!" ಅಂದೆ. ಅಜ್ಜಿಯ ಬಾಯಿಂದ ಬಂದ ಹಾಗೇ ಬಂತು. ನಗುವೂ ಬಂತು, ಅಳುವೂ ಬಂತು. ಇವರು ಗಾಬರಿಯಾಗಿ ನೋಡುತ್ತಿದ್ದರು. ಹೇಳುತ್ತಾ ನಿಲ್ಲುವಷ್ಟು ಪುರಸೊತ್ತಿರಲಿಲ್ಲ. ನೈಟಿ ಮೇಲೆ ಶಾಲು ಹೊದ್ದು, ಹವಾಯಿ ಚಪ್ಪಲಿಯಲ್ಲೇ ಸ್ಕೂಟರ್ ತೆಗೆದೆ.

ಊರು ದಾಟಿದ ಮೇಲೆ ಸಿಕ್ಕಳು. ಬಲಗಡೆ ನಮ್ಮ ಏಕಶಿಲೆ ಬೆಟ್ಟ ಆಗತಾನೇ ಕೆಂಪಾಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಲ್ಲಿ ನನ್ನ ಷೂ. ಓಟ ಅಂದರೆ ಮೊದಲಿನ ಓಟವಲ್ಲ, ನಡಿಗೆಗಿಂತ ಒಂಚೂರು ಜಾಸ್ತಿ, ಅಷ್ಟೇ. ಆದರೂ ಓಟವೇ. ನಾನು ಪಕ್ಕಕ್ಕೆ ಹೋಗಲಿಲ್ಲ. ಹಿಂದೆಯೇ, ಅವಳ ವೇಗಕ್ಕೇ, ಗಾಡಿ ಬಿಟ್ಟೆ. ಸದ್ದು ಕೇಳಿಸಿರಬೇಕು. ತಿರುಗಲಿಲ್ಲ.

ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕೊಂದು ಹಿಂದಿನಿಂದ ಬಂದು ನಿಧಾನಿಸಿತು. ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಮುಂದೆ ಹೋಗಿ ಅವಳ ಪಕ್ಕಕ್ಕೇ ಬೈಕು ತಂದ.

"ಯಾಕವ್ವ ಓಡ್ತಾ ಇದೀಯ? ಏನಾಯ್ತು?"

ಚಿಕ್ಕಪ್ಪನ ಮಾತು ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟು ಹಿಂದಿನಿಂದ ಕೇಳಿಸುವುದಿಲ್ಲ ಅಂತ ಗಾಡಿ ಸ್ವಲ್ಪ ಮುಂದಕ್ಕೆ ಬಿಟ್ಟೆ. ಅವಳು ನಿಂತುಬಿಡುತ್ತಾಳೆ, ಮೋರಿಕಟ್ಟೆ ಹುಡುಕುತ್ತಾಳೆ ಅಂತ ಭಯವಾಯಿತು.

ಚಿಕ್ಕಮ್ಮ ನಿಲ್ಲಲಿಲ್ಲ.

"ಆಗಿದ್ದು ಆಗೋಯ್ತು ಕಣಪ್ಪಾ," ಅಂದಳು, ಏದುಸಿರಲ್ಲೇ, ನನಗೂ ಕೇಳುವ ಹಾಗೆ. "ಈಗ ಸುಮ್ನೆ ಓಡ್ತಾ ಇದೀನಿ."

ಅವನು ತಲೆ ಆಡಿಸಿ ಹೊರಟುಹೋದ. ನಾನು ಸ್ಕೂಟರ್ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಸದ್ದು ನಿಂತಿದ್ದು ಗೊತ್ತಾಗಿ ಅವಳು ತಿರುಗುತ್ತಾಳೇನೋ ಅಂತ ಕಾದೆ. ತಿರುಗಲಿಲ್ಲ. ಕೆರೆ ಏರಿ ಹತ್ತಿ ಓಡುತ್ತಾ ಹೋದಳು.